ಹಲ್ಲು ಕಡಿತ, ದವಡೆ ನೋವು ಮತ್ತು ಹಲ್ಲುಗವಚ: ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸೀಮೆ

ನಿದ್ದೆಯಲ್ಲಾಗಲಿ ಎಚ್ಚರದಲ್ಲಾಗಲಿ, ಉಣ್ಣುವುದಕ್ಕೂ ಮಾತಾಡುವುದಕ್ಕೂ ಸಂಬಂಧವಿಲ್ಲದೆ ಹಲ್ಲುಗಳನ್ನು ಬಿಗಿಯಾಗಿ ಕಚ್ಚಿ ಹಿಡಿಯುವುದು, ಒಂದರ ಮೇಲೊಂದು ಉಜ್ಜುವುದು, ಹಲ್ಲು ತಾಗದಿದ್ದರೂ ದವಡೆಯನ್ನು ಬಿಗಿದುಕೊಂಡಿರುವುದು, ಇಲ್ಲವೇ ಮುಂದಕ್ಕೆ ದೂಡುವುದು: ದವಡೆಯ ಸ್ನಾಯುಗಳ ಇಂಥ ಮರುಕಳಿಸುವ ಚಟುವಟಿಕೆಯನ್ನು ದಂತವೈದ್ಯರು ಬ್ರಕ್ಸಿಸಂ ಎನ್ನುತ್ತಾರೆ. ಜನರ ಮಾತಿನಲ್ಲಿ ಅದು ಹಲ್ಲು ಕಡಿಯುವುದು. ಇದರಿಂದ ಹಲ್ಲು ಸವೆಯದಂತೆ, ಸೀಳದಂತೆ ಕಾಯಲು ಒಬ್ಬೊಬ್ಬರ ಬಾಯಿಯ ಅಳತೆ ತೆಗೆದು ಮಾಡಿಕೊಡುವ ತೊಡುಗೆಯೇ ಹಲ್ಲುಗವಚ. ಚಿಕಿತ್ಸಾಲಯಗಳಲ್ಲಿ ಅದಕ್ಕೆ ನೈಟ್ ಗಾರ್ಡ್ ಅಥವಾ ಸ್ಪ್ಲಿಂಟ್ ಎಂದೇ ಹೆಸರು. ಇದರ ಬಗ್ಗೆ ಇಂದು ತಿಳಿದಿರುವುದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಕವಚ ಹಲ್ಲನ್ನು ಕಾಯುತ್ತದೆ, ಕಡಿತವನ್ನು ನಿಲ್ಲಿಸುವುದಿಲ್ಲ. ದವಡೆ ನೋವಿಗೆ ಅದು ಮೊದಲ ಮದ್ದೂ ಅಲ್ಲ. ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸೀಮೆಯಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ. ಇಲ್ಲಿ ಹಲ್ಲು ಸವೆಯಲು, ದವಡೆ ಬಿಗಿಯಲು ಕಡಿತವಲ್ಲದ ಕಾರಣಗಳು ಹಲವು. ಆದ್ದರಿಂದ ಅಳತೆ ತೆಗೆಯುವ ಮೊದಲು ರೋಗಿಯನ್ನು ಕೂರಿಸಿಕೊಂಡು ಕೇಳುವ, ಬಾಯಿಯನ್ನು ಪೂರ್ತಿ ನೋಡುವ ಹೊತ್ತು ಕವಚಕ್ಕಿಂತ ಹೆಚ್ಚು ಬೆಲೆಬಾಳುತ್ತದೆ ಎಂಬುದು ಈ ಲೇಖನದ ವಾದ.

ಈ ಸೀಮೆಯನ್ನು ಆಡಳಿತದ ಗೆರೆಗಳು ಮತ್ತೆ ಮತ್ತೆ ಹಂಚಿವೆ. ಗದ್ವಾಲ್ ಮತ್ತು ಆಲಂಪುರ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ರಾಯಚೂರು ಜಿಲ್ಲೆಯಲ್ಲಿದ್ದವು. ಅನಂತರ ಮಹಬೂಬ್‌ನಗರಕ್ಕೆ ಸೇರಿದವು. 2016ರಲ್ಲಿ ಜೋಗುಲಾಂಬ ಗದ್ವಾಲ್, 2019ರಲ್ಲಿ ನಾರಾಯಣಪೇಟೆ ಪ್ರತ್ಯೇಕ ಜಿಲ್ಲೆಗಳಾದವು. ಮಕ್ತಲ್ ಮತ್ತು ಅದರ ಪಕ್ಕದ ಕೃಷ್ಣಾ ಮಂಡಲ ನಾರಾಯಣಪೇಟೆ ಜಿಲ್ಲೆಯ ಭಾಗ. ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಕನ್ನಡ ಮನೆಮಾತು, ಅಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳೂ ಇವೆ. ಹಲ್ಲಿನ ದೊಡ್ಡ ಕೆಲಸಕ್ಕೆ ಈ ಭಾಗದವರಿಗೆ ಎರಡು ದಾರಿ. ಒಂದು ಕರ್ನಾಟಕದ ರಾಯಚೂರಿಗೆ, ಅಲ್ಲಿ ನವೋದಯ ಮತ್ತು ಎ.ಎಂ.ಇ. ಎಂಬ ಎರಡು ದಂತ ಕಾಲೇಜುಗಳಿವೆ. ಇನ್ನೊಂದು ಮಹಬೂಬ್‌ನಗರದ ಎಸ್.ವಿ.ಎಸ್. ದಂತವಿಜ್ಞಾನ ಸಂಸ್ಥೆಗೆ. ಸರ್ಕಾರಿ ದಂತ ಕಾಲೇಜು ಬೇಕೆಂದರೆ ಹೈದರಾಬಾದಿನವರೆಗೆ ಹೋಗಬೇಕು. ಕವಚ ಒಂದೇ ಭೇಟಿಯಲ್ಲಿ ಮುಗಿಯುವ ಕೆಲಸವಲ್ಲವಾದ್ದರಿಂದ ಈ ದೂರಗಳು ಮುಂದಿನ ಚರ್ಚೆಯಲ್ಲಿ ಮತ್ತೆ ಬರುತ್ತವೆ.

ಆರೋಗ್ಯವಂತರ ಮೇಲಿನ ಮತ್ತು ಕೆಳಗಿನ ಹಲ್ಲುಗಳು ದಿನವಿಡೀ ಸೇರಿ ತಾಗುವುದು ಸುಮಾರು 20 ನಿಮಿಷ ಮಾತ್ರ, ಅದೂ ಬಹುಪಾಲು ಅಗಿಯುವಾಗ ಮತ್ತು ನುಂಗುವಾಗ. ಉಳಿದ ಹೊತ್ತು ತುಟಿ ಮುಚ್ಚಿದ್ದರೂ ಹಲ್ಲುಗಳ ನಡುವೆ ಸ್ವಲ್ಪ ಎಡೆ ಇರುತ್ತದೆ. ಈ ಎಡೆ ಕಳೆದುಹೋಗುವುದು ಎರಡು ಬಗೆಯಲ್ಲಿ. ಎಚ್ಚರದ ಕಡಿತದಲ್ಲಿ ಶಬ್ದವಿರುವುದಿಲ್ಲ. ಚಿಂತೆಯಲ್ಲೋ ಕಣ್ಣು ನೆಟ್ಟು ಮಾಡುವ ಕೆಲಸದಲ್ಲೋ ದವಡೆ ತನಗೆ ತಾನೇ ಬಿಗಿದಿರುತ್ತದೆ, ಕಡಿಯುವವರಿಗೇ ಅದರ ಅರಿವಿರುವುದಿಲ್ಲ. ನಿದ್ದೆಯ ಕಡಿತದಲ್ಲಿ ಪಕ್ಕದಲ್ಲಿ ಮಲಗಿದವರನ್ನು ಎಬ್ಬಿಸುವಷ್ಟು ಕರಕರ ಸದ್ದು ಬರಬಹುದು. 2013ರಲ್ಲಿ ಪ್ರಕಟವಾದ ವ್ಯವಸ್ಥಿತ ವಿಮರ್ಶೆಯೊಂದು ವಯಸ್ಕರಲ್ಲಿ ಎಚ್ಚರದ ಕಡಿತ ಶೇ. 22ರಿಂದ 31, ನಿದ್ದೆಯ ಕಡಿತ ಸುಮಾರು ಶೇ. 13 ಎಂದು ಅಂದಾಜಿಸಿತು. ವಯಸ್ಸಾದಂತೆ ನಿದ್ದೆಯ ಕಡಿತ ಕಡಿಮೆಯಾಗುತ್ತದೆ. ಕೆನಡಾದ ಮಾಂಟ್ರಿಯಲ್‌ನ ನಿದ್ರಾ ಪ್ರಯೋಗಾಲಯದ ಸಂಶೋಧನೆಗಳು ನಿದ್ದೆಯ ಕಡಿತ ಬಹುಪಾಲು ತೆಳುನಿದ್ದೆಯಲ್ಲಿ, ಮಿದುಳು ಕ್ಷಣಕಾಲ ಎಚ್ಚರದ ಕಡೆಗೆ ಹೊರಳುವಾಗ ನಡೆಯುತ್ತದೆ ಎಂದು ತೋರಿಸಿದವು. ಮೊದಲು ಹೃದಯದ ಬಡಿತ ಏರುತ್ತದೆ, ಮಿದುಳಿನ ಅಲೆಗಳು ಬದಲಾಗುತ್ತವೆ, ಆಮೇಲೆ ದವಡೆ ಕದಲುತ್ತದೆ. ಹಲ್ಲು ಕಡಿಯದ ಜನರಲ್ಲೂ ಸುಮಾರು ಶೇ. 60 ಮಂದಿಯ ದವಡೆಯ ಸ್ನಾಯುಗಳು ನಿದ್ದೆಯಲ್ಲಿ ಇದೇ ಲಯದಲ್ಲಿ ಕದಲುತ್ತವೆ. ಕಡಿಯುವವರಲ್ಲಿ ಅದು ಹೆಚ್ಚು ಸಲ, ಹೆಚ್ಚು ಬಲವಾಗಿ ಆಗುತ್ತದೆ. ಇವೆಲ್ಲವನ್ನೂ ತೂಗಿ 2018ರ ಅಂತರರಾಷ್ಟ್ರೀಯ ತಜ್ಞರ ಒಮ್ಮತ, ಉಳಿದಂತೆ ಆರೋಗ್ಯವಾಗಿರುವವರಲ್ಲಿ ಹಲ್ಲು ಕಡಿತವನ್ನು ರೋಗವೆನ್ನದೆ ಒಂದು ವರ್ತನೆ ಎಂದು ಕರೆಯಿತು. ಅದು ಹಾನಿ ಮಾಡುತ್ತಿದ್ದರೆ ಮಾತ್ರ ಚಿಕಿತ್ಸೆಯ ಪ್ರಶ್ನೆ ಏಳುತ್ತದೆ.

ಈ ತಿಳಿವಳಿಕೆಗೆ ತಲುಪಲು ದಂತವೈದ್ಯಶಾಸ್ತ್ರ ಒಂದು ಶತಮಾನ ತೆಗೆದುಕೊಂಡಿತು, ಮತ್ತು ಆ ದಾರಿಯ ತಪ್ಪು ನಂಬಿಕೆಗಳು ಇಂದಿಗೂ ಹಲವು ಚಿಕಿತ್ಸಾಲಯಗಳಲ್ಲಿ ಬದುಕಿವೆ. 1901ರಲ್ಲಿ ವಿಯೆನ್ನಾದ ಕರೋಲಿ ವಸಡಿನ ರೋಗಕ್ಕೂ ಹಲ್ಲು ಕಡಿತಕ್ಕೂ ನಂಟು ಕಟ್ಟಿದ. 1907ರಲ್ಲಿ ಫ್ರಾನ್ಸಿನಲ್ಲಿ ಇದಕ್ಕೆ ವೈದ್ಯಕೀಯ ಹೆಸರು ಬಂತು. 1934ರಲ್ಲಿ ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯ ಕಾಸ್ಟನ್, ಹಿಂದಿನ ಹಲ್ಲುಗಳು ಬಿದ್ದು ಕಚ್ಚು ತಗ್ಗುವುದೇ ದವಡೆ ಮತ್ತು ಕಿವಿಯ ನೋವಿಗೆ ಮೂಲವೆಂದ. 1961ರಲ್ಲಿ ರಾಮ್‌ಫ್ಯೋರ್ಡ್, ಹಲ್ಲುಗಳು ಸರಿಯಾಗಿ ಕೂಡದಿರುವುದೇ ಕಡಿತಕ್ಕೆ ಕಾರಣವೆಂದು ವಾದಿಸಿದರು. ಆ ಮಾತು ನಿಜವಾಗಿದ್ದರೆ ಎತ್ತರದ ಹಲ್ಲನ್ನು ಉಜ್ಜಿ ಸರಿಮಾಡಿದರೆ ರೋಗ ಹೋಗಬೇಕಿತ್ತು. ಆದರೆ 1984ರಲ್ಲಿ ರೂ ಮತ್ತು ಸಂಗಡಿಗರು ಬೇಕೆಂದೇ ಎತ್ತರವಾದ ಕಿರೀಟಗಳನ್ನು (ಹಲ್ಲಿನ ಮೇಲೆ ತೊಡಿಸುವ ಕ್ರೌನ್) ಕೂರಿಸಿ ನೋಡಿದಾಗ ರಾತ್ರಿಯ ಕಡಿತ ಹೆಚ್ಚಲಿಲ್ಲ. ಹೆಚ್ಚಿನವರಲ್ಲಿ ಕಡಿಮೆಯೇ ಆಯಿತು. ಒತ್ತಡ, ಆತಂಕ, ಸಿಗರೇಟು, ಮದ್ಯ, ಅತಿಯಾದ ಕಾಫಿ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು, ಆಮ್ಲ ಮೇಲುಕ್ಕುವಿಕೆ, ನಿದ್ದೆಯಲ್ಲಿ ಉಸಿರು ತಡೆಯುವ ತೊಂದರೆ, ಇವುಗಳ ಜೊತೆಗಿನ ನಂಟು ಈಗ ಹೆಚ್ಚು ಗಟ್ಟಿಯಾಗಿ ಕಾಣುತ್ತದೆ. ಹಲ್ಲುಗಳ ಜೋಡಣೆ ಸರಿಯಿಲ್ಲವೆಂದು ಗಟ್ಟಿ ಹಲ್ಲುಗಳನ್ನು ಉಜ್ಜಿ ತಗ್ಗಿಸುವ ಸಲಹೆ ಯಾರಾದರೂ ಕೊಟ್ಟರೆ ಅದಕ್ಕೆ ಒಪ್ಪುವ ಮುನ್ನ ಇನ್ನೊಬ್ಬ ವೈದ್ಯರನ್ನು ಕೇಳುವುದು ನ್ಯಾಯ. ಉಜ್ಜಿದ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಮತ್ತೆ ಬೆಳೆಯುವುದಿಲ್ಲ.

ಈಗ ಈ ಸೀಮೆಯ ಬಾಯಿಗೆ ಬರೋಣ. ಸವೆದ ಹಲ್ಲು ಕಂಡ ತಕ್ಷಣ ಕಡಿತವೆಂದು ತೀರ್ಮಾನಿಸುವುದು ಎಲ್ಲಿಯೂ ತಪ್ಪು. ಇಲ್ಲಿ ಅದು ದೊಡ್ಡ ತಪ್ಪು. ಮೊದಲ ಕಾರಣ ನೀರು. ಹಳೆಯ ನಲ್ಗೊಂಡ, ಮಹಬೂಬ್‌ನಗರ, ರಾಯಚೂರು ಜಿಲ್ಲೆಗಳ ಗ್ರಾನೈಟ್ ನೆಲದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳು ಬಹಳ. ಭಾರತೀಯ ಮಾನಕ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡನ್ನು ಒಪ್ಪುತ್ತದೆ. ಬೇರೆ ನೀರಿಲ್ಲದ ಕಡೆ 1.5ರವರೆಗೆ. ಇದನ್ನು ಮೀರಿದ ನೀರನ್ನು ಹಲ್ಲು ಮೂಡುವ ವಯಸ್ಸಿನಲ್ಲಿ ಕುಡಿದ ಮಕ್ಕಳ ಹಲ್ಲಿನ ಎನಾಮಲ್ ಮೇಲ್ಪದರದ ಕೆಳಗೆ ರಂಧ್ರಮಯವಾಗಿ ಉಳಿಯುತ್ತದೆ. ತೀವ್ರವಾದಾಗ ಅದು ಕಂದು ಬಣ್ಣಕ್ಕೆ ತಿರುಗಿ, ಸಾಮಾನ್ಯ ಅಗಿತಕ್ಕೇ ಚಕ್ಕೆ ಚಕ್ಕೆಯಾಗಿ ಎದ್ದು ಹೋಗುತ್ತದೆ. ಅಂಥ ಹಲ್ಲಿನ ಸವೆತಕ್ಕೆ ರಾತ್ರಿಯ ಕಡಿತ ಬೇಕಾಗಿಯೇ ಇಲ್ಲ. ತೆಲಂಗಾಣ ಸರ್ಕಾರ 2016ರಲ್ಲಿ ಆರಂಭಿಸಿದ ಮಿಷನ್ ಭಗೀರಥ ಯೋಜನೆ ನದಿ ನೀರನ್ನು ಮನೆಗೆ ತರುವ ಮೂಲಕ ಮುಂದಿನ ಪೀಳಿಗೆಯ ಹಲ್ಲನ್ನು ಉಳಿಸಬಹುದು. ಆದರೆ ಅದಕ್ಕೂ ಮೊದಲು ಹಲ್ಲು ಮೂಡಿಸಿಕೊಂಡವರ ಎನಾಮಲ್ ಇನ್ನು ಬದಲಾಗುವುದಿಲ್ಲ, ಮತ್ತು ದಂತವೈದ್ಯರ ಕುರ್ಚಿಯಲ್ಲಿ ಇಂದು ಕೂರುವ ವಯಸ್ಕರು ಬಹುಪಾಲು ಅವರೇ.

ಎರಡನೆಯದು ಹಲ್ಲುಜ್ಜುವ ಬಗೆ. ಇದ್ದಿಲ ಪುಡಿ, ಇಟ್ಟಿಗೆ ಪುಡಿ, ಬೂದಿ, ಕೆಂಪು ಹಲ್ಲುಪುಡಿಗಳಿಂದ ಬೆರಳಲ್ಲಿ ತಿಕ್ಕಿದ ಹಲ್ಲು ಹೊರಮೈಯಲ್ಲಿ, ವಸಡಿನ ಅಂಚಿನ ಹತ್ತಿರ ಸವೆಯುತ್ತದೆ. ಕಡಿತದಿಂದ ಸವೆದದ್ದು ಅಗಿಯುವ ಮೈಯಲ್ಲಿ, ಮೇಲಿನ ಮತ್ತು ಕೆಳಗಿನ ಹಲ್ಲನ್ನು ಕೂಡಿಸಿ ನೋಡಿದರೆ ಒಂದಕ್ಕೊಂದು ಸರಿಯಾಗಿ ಕೂರುವ ನುಣುಪಾದ ಚಪ್ಪಟೆ ಜಾಗಗಳಾಗಿ ಕಾಣುತ್ತದೆ. ಮೂರನೆಯದು ಊಟ. ಖಡಕ್ ಜೋಳದ ರೊಟ್ಟಿಯನ್ನು ಬದುಕಿಡೀ ಅಗಿದ ಹಿರಿಯರ ಹಲ್ಲುಗಳು ಸಮವಾಗಿ ತಗ್ಗಿರುವುದು ಸಹಜ. ಬೀಸುಕಲ್ಲಿನ ಹಿಟ್ಟಿನಲ್ಲಿ ಬೆರೆತುಬರುತ್ತಿದ್ದ ಕಲ್ಲಿನ ನುಣ್ಣನೆ ಪುಡಿಯೂ ಆ ಪೀಳಿಗೆಯ ಹಲ್ಲಿಗೆ ತನ್ನ ಪಾಲು ಸಲ್ಲಿಸಿದೆ. ಅದು ರೋಗವಲ್ಲ, ಬಳಕೆಯ ಗುರುತು. ನಾಲ್ಕನೆಯದು ಕಸುಬು. ದಾರವನ್ನು ಹಲ್ಲಿನಲ್ಲಿ ಕಡಿಯುವ, ಸೂಜಿಯನ್ನು ಕಚ್ಚಿ ಹಿಡಿಯುವ ಅಭ್ಯಾಸ ಮುಂದಿನ ಬಾಚಿ ಹಲ್ಲಿನ ಅಂಚಿನಲ್ಲಿ ಸಣ್ಣ ಕಚ್ಚು ಮೂಡಿಸುತ್ತದೆ. ದರ್ಜಿಗಳಲ್ಲಿ ಇದು ಲೋಕದೆಲ್ಲೆಡೆ ಗುರುತಾದ ಲಕ್ಷಣ. ಗದ್ವಾಲಿನ ಹತ್ತಿಯ ಒಡಲಿಗೆ ರೇಷ್ಮೆ ಅಂಚು ಸೆರಗು ಕೂಡಿಸುವ ಸೀರೆಯಾಗಲಿ, ನಾರಾಯಣಪೇಟೆಯ ಚೌಕುಳಿ ಸೀರೆಯಾಗಲಿ ಮಗ್ಗದ ಮುಂದೆ ತಾಸುಗಟ್ಟಲೆ ಕುತ್ತಿಗೆ ಬಗ್ಗಿಸಿ, ಒಂದೊಂದು ಎಳೆಯ ಮೇಲೆ ಕಣ್ಣಿಟ್ಟು ಮಾಡುವ ಕೆಲಸ. ಎಚ್ಚರದ ಕಡಿತ ಬೆಳೆಯುವುದು ಇಂಥ ಏಕಾಗ್ರತೆಯಲ್ಲೇ. ನೇಕಾರರಲ್ಲಿ ದವಡೆ ನೋವು ಕಂಡರೆ ವೈದ್ಯರು ಮೊದಲು ಕೇಳಬೇಕಾದದ್ದು ಮಗ್ಗದ ಮುಂದೆ ಕೂತಾಗ ಹಲ್ಲುಗಳು ಎಲ್ಲಿರುತ್ತವೆ ಎಂದು. ರಾತ್ರಿ ತೊಡುವ ಕವಚ ಹಗಲಿನ ಬಿಗಿತಕ್ಕೆ ಏನೂ ಮಾಡದು.

ದವಡೆ ಬಿಗಿತದ ವಿಷಯದಲ್ಲಿ ಇನ್ನೂ ಗಂಭೀರವಾದ ಗೊಂದಲವೊಂದಿದೆ. ಬಾಯಿ ಪೂರ್ತಿ ತೆರೆಯುತ್ತಿಲ್ಲ, ದವಡೆ ಹಿಡಿದುಕೊಂಡಿದೆ ಎಂದು ಬರುವ ಯುವಕನ ನೋವು ಕೀಲಿನದೂ ಅಲ್ಲ, ಸ್ನಾಯುವಿನದೂ ಅಲ್ಲದಿರಬಹುದು. ಅಡಿಕೆ, ಗುಟ್ಕಾ, ಪಾನ್ ಮಸಾಲಾ ಅಗಿಯುವವರ ಕೆನ್ನೆಯ ಒಳಪದರ ನಾರುಗಟ್ಟಿ, ಬಿಳುಪೇರಿ, ಎಳೆಯಲು ಬಾರದಂತಾಗುತ್ತದೆ. 1952ರಲ್ಲಿ ಶ್ವಾರ್ಟ್ಸ್ ವರ್ಣಿಸಿದ, ಮರುವರ್ಷ ಜೋಷಿ ಭಾರತದಲ್ಲಿ ಹೆಸರಿಟ್ಟ ಈ ಸಬ್‌ಮ್ಯೂಕಸ್ ಫೈಬ್ರೋಸಿಸ್ ಬಾಯಿ ಕ್ಯಾನ್ಸರಿಗೆ ತಿರುಗಬಲ್ಲದು. ಅಡಿಕೆಯನ್ನೇ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ವರ್ಗೀಕರಿಸಿತು. 2013ರಲ್ಲಿ, ಆಗ ಈ ಸೀಮೆ ಸೇರಿದ್ದ ಆಂಧ್ರಪ್ರದೇಶ ಮತ್ತು ಕರ್ನಾಟಕ ಎರಡೂ ಗುಟ್ಕಾ ನಿಷೇಧಿಸಿದವು. ಆದರೂ ಅಡಿಕೆ ಮತ್ತು ತಂಬಾಕು ಬೇರೆ ಬೇರೆ ಚೀಟುಗಳಲ್ಲಿ ಅಂಗಡಿಯ ಮುಂದೆ ತೂಗುತ್ತಲೇ ಇವೆ. ಅಡಿಕೆ ಅಗಿದು ಬಾಯಿ ಬಿಗಿದವನಿಗೆ ದವಡೆ ನೋವೆಂದು ಕವಚ ಕೊಟ್ಟು ಕಳಿಸಿದರೆ ರೋಗವನ್ನು ಗುರುತಿಸಬಹುದಾಗಿದ್ದ ಹೊತ್ತು ಕೈಜಾರುತ್ತದೆ. ಮೂರು ಬೆರಳು ಒಂದರ ಮೇಲೊಂದಿಟ್ಟು ಬಾಯಿಗೆ ಹೋಗುತ್ತವೆಯೇ ನೋಡುವುದು, ಕೆನ್ನೆಯನ್ನು ಒಳಗಿನಿಂದ ಬೆರಳಲ್ಲಿ ಒತ್ತಿ ನಾರಿನ ಪಟ್ಟಿ ಸಿಗುತ್ತದೆಯೇ ಹುಡುಕುವುದು, ಏನು ಅಗಿಯುತ್ತೀ ಎಂದು ಬೈಯದೆ ಕೇಳುವುದು: ಈ ಮೂರಕ್ಕೆ ಯಾವ ಯಂತ್ರವೂ ಬೇಡ. ಬುದ್ಧಿಹಲ್ಲಿನ ಸುತ್ತಲಿನ ಸೋಂಕು, ಕಿವಿಯ ರೋಗ, ಹುಳುಕಿನ ನೋವು ಕೂಡ ದವಡೆಯ ನೋವಿನ ವೇಷದಲ್ಲಿ ಬರುತ್ತವೆ.

ಇವೆಲ್ಲವನ್ನೂ ಬದಿಗಿಟ್ಟ ಮೇಲೂ ನಿಜವಾಗಿ ಹಲ್ಲು ಕಡಿಯುವವರು, ಕಡಿದು ಹಲ್ಲು ಸವೆಸಿಕೊಳ್ಳುವವರು ಉಳಿಯುತ್ತಾರೆ. ಬೆಳಿಗ್ಗೆ ಎದ್ದಾಗ ಕಣತಲೆಯಲ್ಲಿ, ಗಲ್ಲದಲ್ಲಿ ಸೆಳೆತ, ಮಧ್ಯಾಹ್ನದ ಹೊತ್ತಿಗೆ ಅದು ಇಳಿಯುವುದು, ನಾಲಿಗೆಯ ಅಂಚಿನಲ್ಲಿ ಹಲ್ಲಿನ ಅಚ್ಚು, ಕೆನ್ನೆಯ ಒಳಗೆ ಬಿಳಿಗೆರೆ, ಪದೇ ಪದೇ ಮುರಿಯುವ ಫಿಲ್ಲಿಂಗು, ಸೀಳುವ ಕಿರೀಟ, ಇವು ಸುಳಿವುಗಳು. ರೋಗಿಯ ಮಾತಿನಿಂದ ಮಾತ್ರ ತಿಳಿದದ್ದು ಸಂಭಾವ್ಯ ಕಡಿತ, ವೈದ್ಯರ ಪರೀಕ್ಷೆಯೂ ಅದನ್ನು ಹೇಳಿದರೆ ಬಹುಶಃ ಕಡಿತ, ನಿದ್ದೆಯಲ್ಲಿ ಯಂತ್ರದಿಂದ ಅಳೆದರೆ ನಿಶ್ಚಿತ ಕಡಿತ ಎಂದು ತಜ್ಞರು ಮೂರು ಹಂತ ಮಾಡಿದ್ದಾರೆ. ಅಳೆಯುವ ನಿದ್ರಾ ಪ್ರಯೋಗಾಲಯ ಈ ಊರುಗಳ ಜನರಿಗೆ ಎಟುಕುವುದು ಅಪರೂಪ. ಹಾಗಾಗಿ ಮಾತೇ ಇಲ್ಲಿ ಮುಖ್ಯ ಪರೀಕ್ಷೆ. ಒಂದೇ ಕೋಣೆಯಲ್ಲಿ, ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಸಾಲಾಗಿ ಮಲಗುವ ಮನೆಗಳಲ್ಲಿ ಸದ್ದು ಕೇಳಿದವರು ಖಂಡಿತ ಇರುತ್ತಾರೆ. ಅವರನ್ನು ಕರೆತರಲು ಹೇಳುವುದು ದುಬಾರಿ ಪರೀಕ್ಷೆಯೊಂದಕ್ಕೆ ಸಮ. ಮತ್ತು ಕೇಳುವ ಭಾಷೆ ರೋಗಿಯದಾಗಿರಬೇಕು. ಕೃಷ್ಣಾ ಮಂಡಲದ ರೈತ ಹೆಣ್ಣುಮಗಳು ‘ಬಾಯಿ ತೆಗಿಯಾಕ ಆಗವಲ್ದು, ಕಟಕ್ ಅಂತದ’ ಎಂದಾಗ ಅದರಲ್ಲಿ ಎರಡು ಬೇರೆ ಲಕ್ಷಣಗಳಿವೆ: ತೆರೆಯಲಾಗದಿರುವುದು ಮತ್ತು ತೆರೆಯುವಾಗ ಕೀಲು ಸದ್ದು ಮಾಡುವುದು. ಮೊದಲನೆಯದಕ್ಕೆ ಹುಡುಕಾಟ ಬೇಕು. ನೋವಿಲ್ಲದ ಬರಿಯ ಸದ್ದಿಗೆ ಸಾಮಾನ್ಯವಾಗಿ ಚಿಕಿತ್ಸೆಯೇ ಬೇಡ. ಕನ್ನಡ, ತೆಲುಗು, ಉರ್ದು ಮೂರೂ ಬೆರೆತ ಈ ಸೀಮೆಯಲ್ಲಿ ಅವಸರದ ಅನುವಾದದಲ್ಲಿ ಇಂಥ ವ್ಯತ್ಯಾಸಗಳೇ ಮೊದಲು ಕಳೆದುಹೋಗುತ್ತವೆ.

ಕವಚ ತಯಾರಾಗುವ ಬಗೆ ಹೀಗೆ. ಬಾಯಿಗೆ ಹೊಂದುವ ತಟ್ಟೆಯಲ್ಲಿ ಆಲ್ಜಿನೇಟ್ ಎಂಬ ಹಿಟ್ಟನ್ನು ಕಲಸಿಟ್ಟು ಮೇಲಿನ ಮತ್ತು ಕೆಳಗಿನ ಹಲ್ಲುಗಳ ಅಚ್ಚು ತೆಗೆಯುತ್ತಾರೆ. ಅದರೊಳಗೆ ಗಟ್ಟಿ ಜಿಪ್ಸಮ್ ಸುರಿದು ಹಲ್ಲುಗಳ ಪ್ರತಿರೂಪ ಮಾಡುತ್ತಾರೆ. ಮೇಣದ ಹಾಳೆ ಕಚ್ಚಿಸಿ ಎರಡು ದವಡೆಗಳ ಸಂಬಂಧ ದಾಖಲಿಸಿ, ಕೀಲಿರುವ ಉಪಕರಣದಲ್ಲಿ ಪ್ರತಿರೂಪಗಳನ್ನು ಜೋಡಿಸಿ, ಅಕ್ರಿಲಿಕ್ಕಿನಲ್ಲಿ ಕವಚವನ್ನು ಬೇಯಿಸಿ ನಯಗೊಳಿಸುತ್ತಾರೆ. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ರಾಮ್‌ಫ್ಯೋರ್ಡ್ ಮತ್ತು ಆಶ್ ರೂಪಿಸಿದ ಮಾದರಿಯೇ ಇಂದಿಗೂ ಹೆಚ್ಚು ಬಳಕೆಯದು: ಮೇಲಿನ ಎಲ್ಲ ಹಲ್ಲನ್ನೂ ಮುಚ್ಚುವ, ಕಚ್ಚುವ ಮೈ ಚಪ್ಪಟೆಯಾಗಿರುವ, ಕೆಳಗಿನ ಎಲ್ಲ ಹಲ್ಲುಗಳೂ ಒಂದೇ ಹೊತ್ತಿಗೆ ತಾಗುವ, ದವಡೆ ಪಕ್ಕಕ್ಕೆ ಸರಿದಾಗ ಕೋರೆಹಲ್ಲಿನ ಕಡೆ ಮಾತ್ರ ತಾಗಿ ಉಳಿದವು ಬಿಡುವ ಗಟ್ಟಿ ತೊಡುಗೆ. ಕೊಡುವ ದಿನ ಬಣ್ಣದ ಕಾಗದ ಕಚ್ಚಿಸಿ, ಎಲ್ಲಿ ಹೆಚ್ಚು ಒತ್ತುತ್ತದೋ ಅಲ್ಲಿ ಉಜ್ಜಿ ಸರಿಮಾಡುವುದು ಈ ಕೆಲಸದ ಜೀವ. ವಾರ ಎರಡು ವಾರದಲ್ಲಿ ಮತ್ತೆ ನೋಡಬೇಕು, ಆಮೇಲೆ ಕೆಲವು ತಿಂಗಳಿಗೊಮ್ಮೆ. ದೊಡ್ಡ ಊರುಗಳಲ್ಲಿ ಈಗ ಅಚ್ಚಿನ ಬದಲು ಸ್ಕ್ಯಾನರ್, ಬೇಯಿಸುವ ಬದಲು ಮುದ್ರಿಸುವ ಯಂತ್ರ ಬಂದಿವೆ, ತತ್ವ ಬದಲಾಗಿಲ್ಲ.

ಮೆತ್ತಗಿನ ಕವಚ ಹಾಯೆನಿಸುತ್ತದೆ, ಮಾಡುವುದೂ ಸುಲಭ: ಹಾಳೆಯನ್ನು ಬಿಸಿಮಾಡಿ ಪ್ರತಿರೂಪದ ಮೇಲೆ ಎಳೆದರೆ ಮುಗಿಯಿತು. ಆದರೆ 1987ರಲ್ಲಿ ಓಕಿಸನ್ ಹತ್ತು ಮಂದಿಯ ಮೇಲೆ ಎರಡನ್ನೂ ಹೋಲಿಸಿದಾಗ ಗಟ್ಟಿ ಕವಚ ಎಂಟು ಮಂದಿಯಲ್ಲಿ ರಾತ್ರಿಯ ಸ್ನಾಯು ಚಟುವಟಿಕೆಯನ್ನು ತಗ್ಗಿಸಿತು. ಮೆತ್ತಗಿನದು ಐದು ಮಂದಿಯಲ್ಲಿ ಅದನ್ನು ಹೆಚ್ಚಿಸಿತು. ಸಣ್ಣ ಅಧ್ಯಯನವೇ ಸರಿ, ಆದರೆ ಮೆತ್ತಗಿನದನ್ನು ಬಲವಾಗಿ ಕಡಿಯುವವರು ಬೇಗ ಅಗಿದು ತೂತು ಮಾಡುತ್ತಾರೆಂಬ ವೈದ್ಯರ ಅನುಭವವೂ ಅದೇ ಕಡೆ ಬೆರಳು ತೋರುತ್ತದೆ. ಬಿಸಿನೀರಿನಲ್ಲಿ ಅದ್ದಿ ಕಚ್ಚಿಕೊಳ್ಳುವ, ಆನ್‌ಲೈನಿನಲ್ಲಿ ಸಿಗುವ ಸಿದ್ಧ ಗಾರ್ಡುಗಳ ಬಗ್ಗೆಯೂ ಇದೇ ಮಾತು; ಅವು ಹುಟ್ಟಿದ್ದು ಆಟಗಾರರ ಹಲ್ಲನ್ನು ಹೊಡೆತದಿಂದ ಕಾಯುವುದಕ್ಕೆ. ಮುಂದಿನ ಹಲ್ಲುಗಳನ್ನಷ್ಟೇ ಮುಚ್ಚುವ ಚಿಕ್ಕ ತೊಡುಗೆಯಂತೂ ತಿಂಗಳುಗಟ್ಟಲೆ ಬಳಸಿದರೆ ಮುಚ್ಚದ ಹಲ್ಲುಗಳು ಸರಿದು, ಬಾಯಿ ಮುಚ್ಚಿದಾಗ ಮುಂದಿನ ಹಲ್ಲುಗಳು ಕೂಡದಂತಾಗಬಹುದು. ನಿದ್ದೆಯಲ್ಲಿ ನುಂಗಿಬಿಡುವ ಅಪಾಯವೂ ಇದೆ. ಕಡಿಮೆ ಬೆಲೆಯ ವಾದ ಇಲ್ಲಿ ನಿಲ್ಲುವುದಿಲ್ಲ. ಎಲ್ಲ ಹಲ್ಲನ್ನೂ ಸಮವಾಗಿ ಮುಚ್ಚದ, ಯಾರೂ ಹೊಂದಿಸಿ ನೋಡದ ತೊಡುಗೆ ಹಲ್ಲಿಗೆ ಹೊಸ ತೊಂದರೆ ತರಬಲ್ಲದು.

ಹಾಗಾದರೆ ಅಳತೆಗೆ ಮಾಡಿಸಿದ ಒಳ್ಳೆಯ ಕವಚ ಏನು ಮಾಡುತ್ತದೆ? ಇಲ್ಲಿ ಸಾಕ್ಷ್ಯ ಮಾರಾಟದ ಮಾತಿಗಿಂತ ಬಹಳ ವಿನಯವಾಗಿದೆ. 2006ರಲ್ಲಿ ಜಪಾನಿನ ಸಂಶೋಧಕರು ಹಲ್ಲು ಮುಚ್ಚುವ ಕವಚವನ್ನೂ, ಹಲ್ಲು ಮುಚ್ಚದೆ ಅಂಗುಳಕ್ಕಷ್ಟೇ ಕೂರುವ ತಟ್ಟೆಯನ್ನೂ ಹೋಲಿಸಿದರು. ಹಾಕಿದ ಮೊದಲ ರಾತ್ರಿಗಳಲ್ಲಿ ಎರಡೂ ಕಡಿತವನ್ನು ತಗ್ಗಿಸಿದವು. ಎರಡು, ನಾಲ್ಕು, ಆರು ವಾರಗಳ ಹೊತ್ತಿಗೆ ಎರಡರ ಪರಿಣಾಮವೂ ಕರಗಿತ್ತು. ಬಾಯಿಯಲ್ಲಿ ಹೊಸದೊಂದು ಇದ್ದುದಕ್ಕೆ ಮಿದುಳು ಕೆಲವು ದಿನ ಹಿಂಜರಿದು ಮತ್ತೆ ತನ್ನ ಹಾದಿ ಹಿಡಿದಿತ್ತು. 2007ರಲ್ಲಿ ಕಾಕ್ರೇನ್ ಸಂಸ್ಥೆಯ ವಿಮರ್ಶೆ ನಿದ್ದೆಯ ಕಡಿತವನ್ನು ಕವಚ ಗುಣಪಡಿಸುತ್ತದೆ ಎನ್ನಲು ಸಾಕ್ಷ್ಯ ಸಾಲದೆಂದಿತು. 2020ರಲ್ಲಿ ಬ್ರಿಟನ್ನಿನ ದೊಡ್ಡ ವಿಮರ್ಶೆ ದವಡೆ ನೋವು ಕವಚದಿಂದ ತಗ್ಗುತ್ತದೆಂಬುದಕ್ಕೂ ಭರವಸೆಯ ಆಧಾರ ಕಾಣಲಿಲ್ಲ. 2023ರ ಡಿಸೆಂಬರಿನಲ್ಲಿ ಬಿಎಂಜೆ ಪತ್ರಿಕೆ ಪ್ರಕಟಿಸಿದ ಮಾರ್ಗಸೂಚಿ, ದೀರ್ಘಕಾಲದ ದವಡೆ ನೋವಿಗೆ ಮನೋವರ್ತನಾ ಚಿಕಿತ್ಸೆ, ಮೇಲ್ವಿಚಾರಣೆಯಲ್ಲಿ ಮಾಡುವ ದವಡೆ ಮತ್ತು ಭಂಗಿಯ ವ್ಯಾಯಾಮ, ಬಿಗಿದ ಸ್ನಾಯುಗಳನ್ನು ಕೈಯಿಂದ ಒತ್ತಿ ಸಡಿಲಿಸುವುದು, ಮನೆವ್ಯಾಯಾಮ ಮತ್ತು ತಿಳಿಹೇಳುವಿಕೆಯನ್ನು ಬಲವಾಗಿ ಶಿಫಾರಸು ಮಾಡಿತು. ತೆಗೆದು ಹಾಕಬಲ್ಲ ಕವಚವನ್ನು ಸಾಮಾನ್ಯವಾಗಿ ಬೇಡವೆಂದಿತು, ಹಲ್ಲುಗಳ ಜೋಡಣೆಯನ್ನೇ ಕಾಯಂ ಬದಲಿಸುವ ಕವಚವನ್ನು ಖಡಾಖಂಡಿತವಾಗಿ ತಳ್ಳಿಹಾಕಿತು.

ಆಧಾರ ಇಷ್ಟು ಸೊರಗಿದ್ದರೆ ಕವಚವೇ ಏಕೆ, ಎಂದು ಯಾರಾದರೂ ಕೇಳಬಹುದು. ಈ ಆಕ್ಷೇಪಕ್ಕೆ ಉತ್ತರ ಸುಲಭವಲ್ಲ, ಆದರೆ ಇದೆ. ಆ ವಿಮರ್ಶೆಗಳು ಮುಖ್ಯವಾಗಿ ಕೇಳಿದ್ದು ಕಡಿತ ನಿಂತಿತೇ, ನೋವು ಇಳಿಯಿತೇ ಎಂದು. ಹಲ್ಲು ಉಳಿಯಿತೇ ಎಂಬ ಪ್ರಶ್ನೆಗೆ ವರ್ಷಗಟ್ಟಲೆ ನೋಡುವ ಅಧ್ಯಯನ ಬೇಕು, ಅಂಥವು ಕಡಿಮೆ. ಆದರೂ ಹಲ್ಲು ಹಲ್ಲನ್ನು ಉಜ್ಜುವ ಬದಲು ಅಕ್ರಿಲಿಕ್ಕನ್ನು ಉಜ್ಜಿದರೆ ಸವೆಯುವುದು ಅಕ್ರಿಲಿಕ್ಕೇ. ತಿಂಗಳ ಬಳಕೆಯ ನಂತರ ಕವಚದ ಮೇಲೆ ಬಿದ್ದ ಗೀರುಗಳೇ ಅದನ್ನು ತೋರಿಸುತ್ತವೆ. ಹೊಸ ಕಿರೀಟ, ಇಂಪ್ಲಾಂಟು, ಬೇರು ಚಿಕಿತ್ಸೆಯಾದ ಹಲ್ಲು ಇರುವವರಿಗೆ ಈ ರಕ್ಷಣೆ ದೊಡ್ಡದು. ಫ್ಲೋರೈಡಿನಿಂದ ದುರ್ಬಲವಾದ ಎನಾಮಲ್ ಇದ್ದು ಜೊತೆಗೆ ನಿಜವಾದ ಕಡಿತವೂ ಇರುವವರಿಗೆ ಇನ್ನೂ ದೊಡ್ಡದು. ಗಟ್ಟಿ ಎನಾಮಲ್ ಹತ್ತು ವರ್ಷದಲ್ಲಿ ಕಳೆದುಕೊಳ್ಳುವುದನ್ನು ಆ ಹಲ್ಲು ಬಹು ಬೇಗ ಕಳೆದುಕೊಳ್ಳಬಲ್ಲದು. ನೋವಿಗೆ ಕೊಡುವುದಾದರೆ ವ್ಯಾಯಾಮ, ತಿಳಿವಳಿಕೆಗಳ ನಂತರ, ಜೊತೆಯಾಗಿ, ಗೊತ್ತಾದ ಅವಧಿಗೆ ಕೊಟ್ಟು ಉಪಯೋಗವಾಯಿತೇ ನೋಡಬೇಕು.

ಇನ್ನೊಂದು ಆಕ್ಷೇಪ ಬೇರೆ ಬಗೆಯದು: ಹತ್ತಿ ಬೀಜ ಬೆಳೆಯುವ ಕೂಲಿಗೆ, ಮಳೆ ಕೈಕೊಟ್ಟರೆ ದುಡಿಮೆ ಹುಡುಕಿ ಮುಂಬಯಿ ಪುಣೆಗೆ ಹೋಗುವ ಕುಟುಂಬಕ್ಕೆ ಇದು ಶ್ರೀಮಂತರ ವಸ್ತುವಲ್ಲವೇ ಎಂದು. ಒಪ್ಪಲಾಗದು. ಕವಚದ ಅಕ್ರಿಲಿಕ್ ಕಟ್ಟು ಹಲ್ಲಿನ ಸೆಟ್ಟಿಗೆ ಬಳಸುವ ಅದೇ ವಸ್ತು. ಅದೇ ಜಿಪ್ಸಮ್, ಅದೇ ಕುದಿಸುವ ಪಾತ್ರೆ, ಅದೇ ಪಾಲಿಶ್ ಯಂತ್ರ. ಹಲ್ಲಿನ ಸೆಟ್ ಮಾಡಬಲ್ಲ ಯಾವ ಲ್ಯಾಬೂ ಕವಚ ಮಾಡಬಲ್ಲದು. ದುಬಾರಿಯಾಗಿರುವುದು ವಸ್ತುವಲ್ಲ, ಹೊಂದಿಸಲು ಬೇಕಾದ ವೈದ್ಯರ ಹೊತ್ತು ಮತ್ತು ರೋಗಿಯ ಓಡಾಟ. ಅಳತೆಗೆ ಒಂದು ದಿನ, ಕೂರಿಸಲು ಒಂದು, ತಪಾಸಣೆಗೆ ಒಂದೆರಡು. ಪ್ರತಿ ದಿನವೂ ಒಂದು ಕೂಲಿ ನಷ್ಟ. 2013ರಲ್ಲಿ ಗದ್ವಾಲ್–ರಾಯಚೂರು ರೈಲು ಹಾದಿ ತೆರೆದದ್ದು, 2023ರ ಅಕ್ಟೋಬರ್ 1ರಂದು ಜಕ್ಲೇರ್–ಕೃಷ್ಣಾ ಹಾದಿ ಉದ್ಘಾಟನೆಯಾಗಿ ಮಕ್ತಲ್ ಮೂಲಕ ಮಹಬೂಬ್‌ನಗರ ಮತ್ತು ರಾಯಚೂರು ನೇರ ಕೂಡಿಕೊಂಡದ್ದು ಈ ಲೆಕ್ಕದಲ್ಲಿ ಕವಚದ ಬೆಲೆಯನ್ನೇ ಇಳಿಸಿವೆ. ನಾರಾಯಣಪೇಟೆ ಮತ್ತು ಗದ್ವಾಲಿನಲ್ಲಿ 2024ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಆರಂಭವಾಗಿವೆ. ಅವುಗಳ ಆಸ್ಪತ್ರೆಗಳ ದಂತವಿಭಾಗಕ್ಕೆ ಒಂದು ಸಣ್ಣ ಅಕ್ರಿಲಿಕ್ ಲ್ಯಾಬು, ಒಬ್ಬ ತಂತ್ರಜ್ಞ ಸಿಕ್ಕರೆ ಹಲ್ಲಿನ ಸೆಟ್ಟೂ ಕವಚವೂ ಎರಡೂ ಊರಿನಲ್ಲೇ ಆಗುತ್ತವೆ. ಇದು ಅತಿಯಾಸೆಯ ಬೇಡಿಕೆಯಲ್ಲ.

ಯಾರಿಗೆ ಕೊಡಬಾರದೆಂಬುದೂ ಹೇಳಬೇಕು. ಜೋರಾಗಿ ಗೊರಕೆ ಹೊಡೆಯುವ, ನಿದ್ದೆಯಲ್ಲಿ ಉಸಿರು ಕಟ್ಟಿ ಏಳುವ, ಹಗಲೆಲ್ಲ ತೂಕಡಿಸುವ ವ್ಯಕ್ತಿಗೆ ಮೊದಲು ಉಸಿರಿನ ಪರೀಕ್ಷೆಯಾಗಬೇಕು. 2004ರ ಒಂದು ಚಿಕ್ಕ ಅಧ್ಯಯನದಲ್ಲಿ ಮೇಲ್ದವಡೆಯ ಕವಚ ತೊಟ್ಟ ಹತ್ತು ಮಂದಿ ಇಂಥ ರೋಗಿಗಳ ಪೈಕಿ ಐವರಲ್ಲಿ ಉಸಿರಿನ ತೊಂದರೆ ಅರ್ಧಕ್ಕೂ ಹೆಚ್ಚು ಪಾಲು ಏರಿತು. ಅಂಥವರಿಗೆ ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಬೇರೆ ಬಗೆಯ ತೊಡುಗೆಗಳಿವೆ. ಹಾಲುಹಲ್ಲಿನ ಮಕ್ಕಳಿಗೂ ಕವಚ ಸಾಮಾನ್ಯವಾಗಿ ಬೇಡ. ಮಗು ರಾತ್ರಿ ಹಲ್ಲು ಕಡಿದರೆ ಹೊಟ್ಟೆಯಲ್ಲಿ ಜಂತುಹುಳು ಎಂಬುದು ತೆಲಂಗಾಣ, ಕರ್ನಾಟಕ ಎರಡೂ ರಾಜ್ಯಗಳ ಮನೆಗಳಲ್ಲಿ ಹಿರಿಯರ ಮಾತು. ಹುಳುವಿಗೂ ಕಡಿತಕ್ಕೂ ನಂಟು ಗಟ್ಟಿಯಾಗಿ ಸಾಬೀತಾಗಿಲ್ಲ. 2015ರಿಂದ ನಡೆದುಬಂದಿರುವ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆ ಅಂಗನವಾಡಿಗಳಲ್ಲಿ ಕೊಡುವ ಆಲ್ಬೆಂಡಜೋಲ್ ಮಾತ್ರೆಯನ್ನು ರಕ್ತಹೀನತೆ ತಡೆಯಲು ಮಕ್ಕಳಿಗೆ ಕೊಡಿಸಲೇಬೇಕು. ಅದರಿಂದ ಹಲ್ಲಿನ ಸದ್ದು ನಿಲ್ಲದಿದ್ದರೆ ಗಾಬರಿ ಬೇಡ. ಮಕ್ಕಳ ಕಡಿತ ಬಹುಪಾಲು ಬೆಳೆದಂತೆ ತಾನೇ ಬಿಡುತ್ತದೆ. ಬಾಯಲ್ಲಿ ಉಸಿರಾಡುವ, ಟಾನ್ಸಿಲ್ ದಪ್ಪವಾದ ಮಗುವಿನ ಕಡಿತವಾದರೆ ಗಂಟಲು ತೋರಿಸಬೇಕು.

ಕವಚ ತೊಟ್ಟವರಿಗೆ ಉಳಿದದ್ದು ಮನೆಯ ಶಿಸ್ತು. ರಾತ್ರಿ ಹಲ್ಲುಜ್ಜಿದ ಮೇಲೆ ಹಾಕಿ, ಬೆಳಿಗ್ಗೆ ತೆಗೆದು, ತಣ್ಣೀರಿನಲ್ಲಿ ಮೆತ್ತನೆ ಬ್ರಷ್ಷು ಮತ್ತು ಸೋಪಿನಿಂದ ತಿಕ್ಕಿ, ನೀರು ತುಂಬಿದ ಡಬ್ಬಿಯಲ್ಲಿಡಬೇಕು; ಪೇಸ್ಟು ಅಕ್ರಿಲಿಕ್ಕಿನ ಮೈ ಗೀರುತ್ತದೆ. ಕುದಿಯುವ ನೀರು ಬೇಡ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಊರುಗಳಲ್ಲಿ ಬಿಸಿಲಿಗೆ ಬಿದ್ದ ಕಿಟಕಿಯ ಮೇಲೆ, ನಿಲ್ಲಿಸಿದ ವಾಹನದೊಳಗೆ ಬಿಟ್ಟ ಕವಚ, ಅದರಲ್ಲೂ ಹಾಳೆಯಿಂದ ಎಳೆದದ್ದು, ಸೊಟ್ಟಗಾಗುತ್ತದೆ. ಸೊಟ್ಟಗಾದದ್ದನ್ನು ಒತ್ತಿ ಹಾಕಿಕೊಳ್ಳಬಾರದು. ಕವಚದಲ್ಲಿ ತೂತು ಬಿದ್ದರೆ, ಬಿರುಕು ಕಂಡರೆ, ಬೆಳಿಗ್ಗೆ ತೆಗೆದ ಮೇಲೂ ಹಲ್ಲುಗಳು ಹಳೆಯಂತೆ ಕೂಡದಿದ್ದರೆ ಅದನ್ನು ಡಬ್ಬಿಯಲ್ಲಿಟ್ಟುಕೊಂಡು ಮಾಡಿಕೊಟ್ಟ ವೈದ್ಯರ ಬಳಿಗೇ ಹೋಗಬೇಕು. ಹಗಲಿನಲ್ಲಿ ಮಾಡಬೇಕಾದದ್ದಕ್ಕೆ ಖರ್ಚಿಲ್ಲ: ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ, ನಾಲಿಗೆಯ ತುದಿ ಮೇಲಿನ ಬಾಚಿಹಲ್ಲಿನ ಹಿಂದೆ ಸಡಿಲವಾಗಿ ನಿಂತಿರಲಿ. ಮಗ್ಗದ ಲಾಳಿ ಬದಲಿಸುವಾಗ, ಫೋನು ಕೆಳಗಿಡುವಾಗ, ಗಾಡಿಯ ಕೀಲಿ ತಿರುಗಿಸುವಾಗ ಒಮ್ಮೆ ಇದನ್ನು ಗಮನಿಸಿ ದವಡೆಯನ್ನು ಸಡಿಲಬಿಡುವ ಅಭ್ಯಾಸ ಎಚ್ಚರದ ಕಡಿತಕ್ಕೆ ಮೊದಲ ಚಿಕಿತ್ಸೆ, ಮತ್ತು ಅದನ್ನು ರೋಗಿಯ ಮಾತಿನಲ್ಲೇ ಹೇಳಿಕೊಡಲು ವೈದ್ಯರಿಗೆ ಬೇಕಾದದ್ದು ಐದು ನಿಮಿಷ.